‘ಆಯ್ತು ಸರ್’ ಅಂದದ್ದು ಇಷ್ಟು ದೂರ ಹೋಗುತ್ತೆ ಅಂತ ಗೊತ್ತಿರಲಿಲ್ಲ

ರಾಣೆಬೆನ್ನೂರು_ಟು_ಮೆಜೆಸ್ಟಿಕ್
ಶುಕ್ರವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೈಯಬೇಡಿ.

ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಪ್ರೊಬೇಷನ್ ಇನ್ನೂ ಮುಗಿದಿಲ್ಲ. ನಮ್ಮ ಮ್ಯಾನೇಜರ್ ಮೈಸೂರು ಕಡೆಯವರು. ಟೀಮ್‌ನಲ್ಲಿ ಕನ್ನಡದವರು ನಾವಿಬ್ಬರೇ, ಹಾಗಾಗಿ ಫೋನಿನಲ್ಲಿ ಕನ್ನಡದಲ್ಲೇ ಮಾತು. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೆಲ್ಲ ಅವರನ್ನೇ ಹಿಡಿದು ಬೈಯುತ್ತೀರಿ.

ಗುರುವಾರ ಸಂಜೆಯೊಳಗೆ 40 ಟೆಸ್ಟ್ ಕೇಸ್ (ಸಾಫ್ಟ್‌ವೇರ್ ಸರಿ ಇದೆಯಾ ಅಂತ ನೋಡುವ ಒಂದೊಂದು ಪರೀಕ್ಷೆ) ಮುಗಿಸಿ ರಿಪೋರ್ಟ್ ಕೊಡಬೇಕಿತ್ತು. ಮಧ್ಯಾಹ್ನ ಟೆಸ್ಟ್ ಸರ್ವರ್ ಡೌನ್ ಆಯಿತು. ಅಷ್ಟರಲ್ಲಿ 26 ಆಗಿತ್ತು, 14 ಬಾಕಿ. ಆರೂವರೆಗೆ ಅವರ ಫೋನ್ ಬಂತು. ಕಾರಿನಲ್ಲಿದ್ದರು, ಬರೀ ಹಾರ್ನ್ ಸದ್ದು. "ಆ ರಿಪೋರ್ಟ್ ಇವತ್ತೇ ಹೋಗಬೇಕು ಕಣಮ್ಮ, ಏನಾಯ್ತು?" ಅಂದರು. ನಾನು "ಆಯ್ತು ಸರ್" ಅಂದೆ.

ನನ್ನ ತಲೆಯಲ್ಲಿ ಅದರ ಅರ್ಥ, ಆಯ್ತು, ಇವತ್ತೇ ಕಳಿಸೋಕೆ ನೋಡುತ್ತೇನೆ ಅಂತ. ಅವರಿಗೆ ಕೇಳಿಸಿದ್ದು, ಆಯ್ತು, ಮುಗೀತು ಅಂತ. "ಸೂಪರ್" ಅಂದು ಫೋನ್ ಇಟ್ಟರು. ಯಾಕೆ ಸೂಪರ್ ಅಂದರು ಅಂತಲೂ ನನಗೆ ಹೊಳೆಯಲಿಲ್ಲ.

ರಾತ್ರಿ ಒಂದೂವರೆವರೆಗೆ ಕೂತಿದ್ದೆ. ಸರ್ವರ್ ಬರಲಿಲ್ಲ. ಅಷ್ಟು ಹೊತ್ತಿನಲ್ಲಿ ಎಬ್ಬಿಸೋದು ಹೇಗೆ ಅಂತ ಸುಮ್ಮನಾದೆ. ಬೆಳಿಗ್ಗೆ ನೋಡಿದರೆ ಅವರು ರಾತ್ರಿಯೇ ಕ್ಲೈಂಟ್‌ಗೆ ಮೇಲ್ ಹಾಕಿದ್ದಾರೆ, ಟೆಸ್ಟಿಂಗ್ ಪೂರ್ತಿ ಮುಗಿದಿದೆ, ರಿಪೋರ್ಟ್ ಬೆಳಿಗ್ಗೆ ಬರುತ್ತದೆ ಅಂತ. ಇವತ್ತಿನ ಕಾಲ್‌ನಲ್ಲಿ ಎಲ್ಲರ ಮುಂದೆ ಅವರು ಕ್ಷಮೆ ಕೇಳಬೇಕಾಯಿತು. ನನ್ನ ಹೆಸರು ಎತ್ತಲಿಲ್ಲ. ಆಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಇನ್ನೂ ಆಗಿಲ್ಲ ಅಂದಿದ್ದರೆ ಸಾಕಿತ್ತಲ್ಲಮ್ಮ." ಬೈದಿದ್ದರೇ ಚೆನ್ನಾಗಿತ್ತು.

ನೀವೆಲ್ಲ ಮ್ಯಾನೇಜರ್ ಹತ್ತಿರ ಹೇಗೆ ಮಾತಾಡುತ್ತೀರಿ? ‘ಆಗಿಲ್ಲ’ ಅಂತ ಹೇಳೋಕೆ ನನಗೆ ಬಾಯೇ ಬರಲ್ಲ. ಎರಡು ಸಾಲು ಮೆಸೇಜ್ ಬರೆಯೋಕೆ ಅರ್ಧ ಗಂಟೆ ಹಿಡಿಯುತ್ತೆ, ಬರೆದು ಅಳಿಸಿ, ಬರೆದು ಅಳಿಸಿ. ಸೋಮವಾರ ಯಾವ ಮುಖ ಇಟ್ಟುಕೊಂಡು ಹೋಗಲಿ?

ಒಂದೇ_ಸಾಲು
ಸರ್ವರ್ ಡೌನ್ ಆದ ಕೂಡಲೇ ಹೇಳಬೇಕಿತ್ತು. ಅಷ್ಟೇ ಕಥೆ. ಮುಗೀತು.

ಸಿಲ್ಕ್‌ಬೋರ್ಡ್_ಸಿಗ್ನಲ್
@ಒಂದೇ_ಸಾಲು ಮುಗೀತಾ? ಅಥವಾ ‘ಆಯ್ತಾ’?

ಅರ್ಧಮರ್ಧ_ವ್ಯಾಕರಣ
ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಇದನ್ನು ಓದಿ ನಗು ಬಂತು, ಆಮೇಲೆ ಪಾಪ ಅನಿಸಿತು.

ತಪ್ಪು ಪೂರ್ತಿ ನಿಮ್ಮದಲ್ಲ ತಂಗಿ, ನಮ್ಮ ಭಾಷೆಯ ಪಾಲೂ ಇದೆ. ‘ಆಯ್ತು’ ಅನ್ನೋದು ಒಪ್ಪಿಗೆಯೂ ಹೌದು, ಕೆಲಸ ಮುಗಿದ ಸುದ್ದಿಯೂ ಹೌದು. ಜೊತೆಗೆ ಇನ್ನೊಂದಿದೆ. ಇನ್ನೂ ಮಾಡದ ಕೆಲಸವನ್ನು ಮಾಡಿಯೇಬಿಟ್ಟೆವು ಅನ್ನೋ ಹಾಗೆ ಹೇಳುವುದು ನಮಗೆ ಅಭ್ಯಾಸ. ಮನೆಯಲ್ಲಿ ಊಟಕ್ಕೆ ಕರೆದರೆ "ಬಂದೆ ಬಂದೆ" ಅನ್ನುತ್ತೇವೆ, ಕೂತಲ್ಲಿಂದ ಎದ್ದಿರುವುದಿಲ್ಲ. ಗೆಳೆಯ ಕಾಯುತ್ತಿದ್ದರೆ "ಹೊರಟೆ ಕಣೋ", ಸ್ನಾನ ಇನ್ನೂ ಆಗಿರಲ್ಲ. ಟೈಲರ್ ಕೇಳಿದರೆ "ಇನ್ನೇನು ಆಯ್ತು ಸಾರ್, ಗುಂಡಿ ಹಾಕಿದರೆ ಮುಗೀತು", ಬಟ್ಟೆ ಇನ್ನೂ ಕತ್ತರಿಗೇ ಬಿದ್ದಿಲ್ಲ. ಇವೆಲ್ಲ ಭೂತಕಾಲದ ಕ್ರಿಯಾಪದಗಳೇ, ಆದರೆ ಒಂದೂ ಆಗಿಹೋದ ಕೆಲಸವಲ್ಲ. ಊಟಕ್ಕೆ ಕರೆದವರಿಗೆ ಅದು ಅರ್ಥವಾಗುತ್ತದೆ, ಯಾಕೆಂದರೆ ಅವರು ನಿಮ್ಮನ್ನು ಇಪ್ಪತ್ತು ವರ್ಷದಿಂದ ನೋಡಿದ್ದಾರೆ. ಎಂಟು ತಿಂಗಳ ಮ್ಯಾನೇಜರ್‌ಗೆ ಹೇಗೆ ಅರ್ಥವಾಗಬೇಕು?

ಪೀಣ್ಯ_2ನೇ_ಹಂತ
ಟೈಲರ್ ಮಾತು ನೂರಕ್ಕೆ ನೂರು ನಿಜ ಮೇಷ್ಟ್ರೇ. ನನ್ನ ಮದುವೆ ಸೂಟು ರಿಸೆಪ್ಷನ್ ಮುಗಿದ ಮೇಲೆ ಬಂತು.

ಹಳೆ_ಟೀಮ್‌ಲೀಡ್
ಭಾಷೆ ಮೇಲೆ ಹಾಕಬೇಡಿ. ನಾನು 14 ವರ್ಷ ಟೀಮ್ ನೋಡಿಕೊಂಡಿದ್ದೇನೆ. ಇಂಗ್ಲಿಷಿನಲ್ಲೂ ಇದೇ ಗೋಳು. "ನೋಟೆಡ್", "ಶ್ಯೂರ್", "ವಿಲ್ ಡೂ", ಈ ಮೂರರಲ್ಲಿ ಯಾವುದು ಬಂದರೂ ಹುಡುಗ ಕೆಲಸ ಶುರು ಮಾಡಿದ್ದಾನೋ ಇಲ್ಲವೋ ಅಂತ ದೇವರಿಗೇ ಗೊತ್ತು.

ಮ್ಯಾನೇಜರ್‌ಗೆ ಬೇಕಾದದ್ದು ತುಂಬಾ ಕಡಿಮೆ ಮೇಡಂ. ಎಷ್ಟಾಗಿದೆ, ಎಷ್ಟು ಉಳಿದಿದೆ, ಯಾಕೆ ನಿಂತಿದೆ, ಯಾವಾಗ ಆಗುತ್ತದೆ. ಗುರುವಾರ ಮಧ್ಯಾಹ್ನವೇ ನೀವು ಹೀಗೆ ಬರೆದಿದ್ದರೆ ಸಾಕಿತ್ತು:

"ಸರ್, 40ರಲ್ಲಿ 26 ಆಗಿದೆ. ಉಳಿದ 14ಕ್ಕೆ ಟೆಸ್ಟ್ ಸರ್ವರ್ ಬೇಕು, ಅದು 2 ಗಂಟೆಯಿಂದ ಡೌನ್. ಸರ್ವರ್ ಟೀಮ್‌ಗೆ ಟಿಕೆಟ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಸರ್ವರ್ ಬಂದ ಮೇಲೆ ನನಗೆ 4 ಗಂಟೆ ಬೇಕು. ಇವತ್ತೇ ರಿಪೋರ್ಟ್ ಬೇಕೆಂದರೆ 26ರದ್ದು ಮಾತ್ರ ಕೊಡಬಹುದು. ಯಾವುದು ಮಾಡಲಿ?"

ಇದರಲ್ಲಿ ಕ್ಷಮೆ ಇಲ್ಲ, ಗೋಳಾಟ ಇಲ್ಲ. ನನಗೆ ಇಂಥ ಮೆಸೇಜ್ ಬಂದರೆ ನಾನೇ ಸರ್ವರ್ ಟೀಮ್‌ನವರ ಕುತ್ತಿಗೆ ಹಿಡಿಯುತ್ತಿದ್ದೆ. ನಿಮ್ಮ ಟಿಕೆಟ್‌ಗೆ, ಅಂದರೆ ಸಿಸ್ಟಂನಲ್ಲಿ ಹಾಕಿದ ದೂರಿಗೆ, ಸಿಗದ ಉತ್ತರ ಮ್ಯಾನೇಜರ್ ಫೋನ್‌ಗೆ ಹತ್ತು ನಿಮಿಷದಲ್ಲಿ ಸಿಗುತ್ತದೆ. ಹೊಸಬರಿಗೆ ಇದೇ ಗೊತ್ತಿರುವುದಿಲ್ಲ. ಕೆಟ್ಟ ಸುದ್ದಿ ಕೊಟ್ಟರೆ ಮ್ಯಾನೇಜರ್‌ಗೆ ತೊಂದರೆ ಕೊಟ್ಟ ಹಾಗೆ ಅಂದುಕೊಳ್ಳುತ್ತಾರೆ. ಮಧ್ಯಾಹ್ನ ಎರಡಕ್ಕೆ ಕೊಟ್ಟರೆ ಅವರ ಕೈಯಲ್ಲಿ ನಾಲ್ಕು ಗಂಟೆ ಇರುತ್ತದೆ. ಬೆಳಿಗ್ಗೆ ಕೊಟ್ಟರೆ ಏನೂ ಇರುವುದಿಲ್ಲ.

ಸಿಲ್ಕ್‌ಬೋರ್ಡ್_ಸಿಗ್ನಲ್
ಇಂಗ್ಲಿಷ್ ಅಂದಿರಲ್ಲ, ಈಗಿನ ಹುಡುಗರು ಎಲ್ಲದಕ್ಕೂ "ಡನ್ ಬಾಸ್" ಅಂತಾರೆ. ಶನಿವಾರ ನಂದಿ ಬೆಟ್ಟಕ್ಕೆ ಹೋಗೋಣವಾ? ಡನ್. ಅಂದರೆ ಹೋಗಿ ಬಂದಾಯ್ತಾ?

ಕೋರಮಂಗಲ_ಕೋಪ
ಎಲ್ಲರೂ ಆ ಹುಡುಗಿಗೇ ಪಾಠ ಹೇಳುತ್ತಿದ್ದೀರಿ. ರಿಪೋರ್ಟ್ ಕಣ್ಣಲ್ಲಿ ನೋಡದೆ ಕ್ಲೈಂಟ್‌ಗೆ ಮೇಲ್ ಹಾಕಿದವರು ಯಾರು? ಕಾರು ಓಡಿಸುತ್ತಾ, ಹಾರ್ನ್ ಮಧ್ಯೆ, ಒಂದು ಪದ ಕೇಳಿಸಿಕೊಂಡು ಪೂರ್ತಿ ಮುಗಿದಿದೆ ಅಂತ ಬರೆದವರು ಯಾರು? ಎಂಟು ತಿಂಗಳ ಅನುಭವ ಇರುವವಳು ತಪ್ಪು ಮಾಡುತ್ತಾಳೆ, ಅದಕ್ಕೇ ಮೇಲೊಬ್ಬರು ಇರುವುದು. ಸಂಬಳ ಅವರಿಗೆ ಜಾಸ್ತಿ ಅಲ್ವಾ? ಎಚ್ಚರವೂ ಜಾಸ್ತಿ ಇರಲಿ.

ಹಳೆ_ಟೀಮ್‌ಲೀಡ್
ಅವರದೂ ತಪ್ಪಿದೆ, ಇಲ್ಲ ಅನ್ನಲಿಲ್ಲ. ಆದರೆ ಪ್ರಶ್ನೆ ಕೇಳಿದವರು ಅವರಲ್ಲ. ಅವರು ಬಂದು ಕೇಳಲಿ, ಅವರಿಗೂ ಹೇಳುತ್ತೇನೆ.

ಹುಬ್ಬಳ್ಳಿ_ಲೋಕಲ್
ನಾವು ರೈಲ್ವೆಯವರು. ನಮ್ಮಲ್ಲಿ ‘ಆತ್ರೀ’ ಅಂದರೆ ನಡೆಯೋದಿಲ್ಲ.

ಲೆವೆಲ್ ಕ್ರಾಸಿಂಗ್ ಇರುತ್ತದಲ್ಲ, ಫೋನ್ ಮೇಲೆ ನಡೆಯುವ ಗೇಟು. ಸ್ಟೇಷನ್ ಮಾಸ್ಟರ್ ಗೇಟ್‌ಮನ್‌ಗೆ ಫೋನ್ ಮಾಡಿ ಗಾಡಿ ಬರುತ್ತಿದೆ, ಗೇಟ್ ಹಾಕು ಅನ್ನುತ್ತಾರೆ. ಗೇಟ್‌ಮನ್ "ಹೂಂ ಸರ, ಹಾಕೇನಿ" ಅಂದರೆ ಅದು ಲೆಕ್ಕಕ್ಕಿಲ್ಲ. ಗೇಟ್ ಹಾಕಿ, ಬೀಗ ಹಾಕಿ, ತನ್ನ ಹತ್ತಿರ ಇರುವ ಹಾಳೆಯಿಂದ ಒಂದು ಪ್ರೈವೇಟ್ ನಂಬರ್ ಹೇಳಬೇಕು. ಮಾಸ್ಟರ್ ಅದನ್ನು ಬರೆದುಕೊಳ್ಳಬೇಕು. ಬಳಸಿದ ನಂಬರ್ ಹೊಡೆದುಹಾಕಬೇಕು. ನಂಬರ್ ಬಂತೆಂದರೆ ಗೇಟ್ ಬಿದ್ದಿದೆ, ಬರಲಿಲ್ಲ ಎಂದರೆ ಬಿದ್ದಿಲ್ಲ. ಗೇಟ್‌ಮನ್ ಎಷ್ಟೇ ನಂಬಿಕಸ್ಥನಾಗಿರಲಿ, ಮಾಸ್ಟರ್ ಅವನ ಸ್ವಂತ ಮಾವನೇ ಆಗಿರಲಿ. ಈ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ನಿಮ್ಮ ಮ್ಯಾನೇಜರ್‌ಗೆ ನೀವೂ ಒಂದು ನಂಬರ್ ಕೊಡ್ರಿ. 26/40. ಇದೇ ನಿಮ್ಮ ಪ್ರೈವೇಟ್ ನಂಬರ್. ಅಂದಹಾಗೆ ರಾಣೆಬೆನ್ನೂರಾಗ ಎಲ್ಲಿ ಮನಿ?

ರಾಣೆಬೆನ್ನೂರು_ಟು_ಮೆಜೆಸ್ಟಿಕ್
@ಹುಬ್ಬಳ್ಳಿ_ಲೋಕಲ್ ಊರು ಹತ್ತಿರದ ಹಳ್ಳಿ ರೀ, ಹೆಸರು ಬೇಡ, ನಮ್ಮ ಅಪ್ಪ ಇಲ್ಲಿ ಓದುತ್ತಾರೆ. ‘ಆತ್ರೀ’ ನೆನಪಿಸಿದಿರಿ. ನಮ್ಮ ಮನೆಯಲ್ಲಿ ಅಪ್ಪ ಏನು ಹೇಳಿದರೂ ‘ಆತ್ರೀ’ ಅನ್ನೋದೇ. ಅದರ ಅರ್ಥ ಕೇಳಿಸಿತು ಅಂತ ಅಷ್ಟೇ. ಮಾಡುತ್ತೇವೋ ಬಿಡುತ್ತೇವೋ ಬೇರೆ ಮಾತು.

@ಹಳೆ_ಟೀಮ್‌ಲೀಡ್ ಆ ಮೆಸೇಜ್ ಕಾಪಿ ಮಾಡಿಟ್ಟುಕೊಂಡೆ ಸರ್. ಆದರೆ ನಿಜ ಹೇಳಬೇಕೆಂದರೆ ನಾನು ಸರ್ವರ್ ಟೀಮ್‌ಗೆ ಟಿಕೆಟ್ಟೂ ಹಾಕಿರಲಿಲ್ಲ. ಬೇರೆ ಯಾರಾದರೂ ಹಾಕಿರುತ್ತಾರೆ ಅಂದುಕೊಂಡಿದ್ದೆ.

ಒಂದೇ_ಸಾಲು
ಅಯ್ಯೋ.

ವಾರ್ಡ್_ರಾತ್ರಿಪಾಳಿ
ನಾನು ನರ್ಸ್, ಹನ್ನೊಂದು ವರ್ಷದಿಂದ. ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಮ್ಮ ‘ಮ್ಯಾನೇಜರ್’ ರಾತ್ರಿ ಎರಡು ಗಂಟೆಗೆ ನಿದ್ದೆಯಲ್ಲಿರುವ ಡಾಕ್ಟರ್.

ಹೊಸದರಲ್ಲಿ ನಾನು ಫೋನ್ ಮಾಡಿ "ಸರ್, ಡಿಸ್ಟರ್ಬ್ ಮಾಡಿದ್ದಕ್ಕೆ ಸಾರಿ ಸರ್, ಆ ಪೇಷಂಟ್ ಯಾಕೋ ಸ್ವಲ್ಪ ಸರಿ ಇಲ್ಲ ಸರ್" ಅನ್ನುತ್ತಿದ್ದೆ. ಅವರು "ಸರಿ, ನೋಡ್ತಾ ಇರಿ" ಅಂತ ಇಟ್ಟುಬಿಡುತ್ತಿದ್ದರು. ಅವರ ತಪ್ಪೇನು? ನಾನು ಹೇಳಿದ್ದರಲ್ಲಿ ಏಳುವಂಥದ್ದು ಏನಿತ್ತು?

ಆಮೇಲೆ ನಮಗೆ ಎಸ್‌ಬಿಎಆರ್ ಅಂತ ಕಲಿಸಿದರು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದ ಪದ್ಧತಿಯಂತೆ. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನಿಸುತ್ತಿದೆ, ನಿಮ್ಮಿಂದ ಏನು ಬೇಕು. ಈಗ ನಾನು ಹೇಳುವುದು ಹೀಗೆ: "ಏಳನೇ ಬೆಡ್, ಬಿಪಿ 80/50, ಪಲ್ಸ್ 128. ನಿನ್ನೆ ಮಧ್ಯಾಹ್ನ ಆಪರೇಷನ್ ಆದವರು. ಒಳಗೆ ರಕ್ತ ಹೋಗುತ್ತಿರಬಹುದು ಅನಿಸುತ್ತಿದೆ. ನೀವು ಈಗಲೇ ಬರಬೇಕು."

ಇಪ್ಪತ್ತು ಸೆಕೆಂಡು ಸಾಕು. ಅಂಕಿ ಹೇಳೋದು ಸುಲಭ. ಕಷ್ಟ ಇರುವುದು ಆ ಕೊನೆಯ ವಾಕ್ಯದಲ್ಲಿ. ‘ನೀವು ಬರಬೇಕು’ ಅಂತ ಡಾಕ್ಟರ್‌ಗೆ ಹೇಳೋಕೆ ನನಗೆ ಎರಡು ವರ್ಷ ಹಿಡಿಯಿತು. ‘ಬಂದರೆ ಒಳ್ಳೆಯದಿತ್ತು ಸರ್’ ಅಂತಲೇ ಬಾಯಿಗೆ ಬರುತ್ತಿತ್ತು.

ಬಜ್ಪೆಯವ
ವಾರ್ಡ್ ಅಕ್ಕ ಹೇಳಿದ್ದು ಓದಿ ನಮ್ಮೂರಿನದು ನೆನಪಾಯಿತು. 2010ರ ಮೇ 22. ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ನಮ್ಮ ಶಾಲೆಯ ಒಬ್ಬರ ಮನೆಯವರೂ ಅದರಲ್ಲಿದ್ದರು.

ತನಿಖಾ ವರದಿಯಲ್ಲಿ ಬಂದ ವಿಷಯ, ವಿಮಾನ ತೀರಾ ಎತ್ತರದಲ್ಲಿ ಬರುತ್ತಿದೆ ಅಂತ ಸಹ ಪೈಲಟ್‌ಗೆ ಗೊತ್ತಾಗಿತ್ತು. "ಗೋ ಅರೌಂಡ್", ಅಂದರೆ ಇಳಿಸಬೇಡಿ, ಮತ್ತೆ ಮೇಲಕ್ಕೆ ಎತ್ತಿ ಅಂತ ಕ್ಯಾಪ್ಟನ್‌ಗೆ ಒಂದಲ್ಲ, ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸ್ಪಷ್ಟವಾಗಿ ಹೇಳಿದರೂ ಮೇಲಿನವರು ಕೇಳದಿದ್ದರೆ ಏನು ಮಾಡುತ್ತೀರಿ? ಇಲ್ಲಿ ಎಲ್ಲರೂ ಹೇಳುವುದು ಹೇಗೆ ಅಂತ ಮಾತ್ರ ಮಾತಾಡುತ್ತಿದ್ದೀರಿ ಮಾರಾಯ್ರೆ.

ಸಿಲ್ಕ್‌ಬೋರ್ಡ್_ಸಿಗ್ನಲ್
ಸರ್, ಅವಳ ಎಕ್ಸೆಲ್ ಶೀಟನ್ನು ವಿಮಾನ ಅಪಘಾತಕ್ಕೆ ಹೋಲಿಸಬೇಡಿ, ಪಾಪ ಮೊದಲೇ ಹೆದರಿದ್ದಾಳೆ.

ಬಜ್ಪೆಯವ
ಹೋಲಿಸಿದ್ದಲ್ಲ. ನೆನಪಾಯಿತು, ಬರೆದೆ.

ಮಿಲ್ಪಿಟಾಸ್_ಮಂಜ
ವಿಮಾನದ ಮಾತು ಬಂತು ಅಂತ ಹೇಳುತ್ತೇನೆ. ನಾನು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಸೇರಿದಾಗ ಒಂದು ಟ್ರೇನಿಂಗ್‌ನಲ್ಲಿ ತೋರಿಸಿದ್ದರು. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ ವಿಮಾನ ನ್ಯೂಯಾರ್ಕ್ ಹತ್ತಿರ ಇಂಧನ ಖಾಲಿಯಾಗಿ ಬಿತ್ತು, 73 ಜನ ಸತ್ತರು. ಕೆಟ್ಟ ಹವೆಯಿಂದ ಅದನ್ನು ಒಂದು ಗಂಟೆಗೂ ಜಾಸ್ತಿ ಹೊತ್ತು ಆಕಾಶದಲ್ಲೇ ಕಾಯಿಸಿದ್ದರು. ಇಂಧನ ಕಡಿಮೆಯಾಗುತ್ತಿದೆ, ‘ಪ್ರಯಾರಿಟಿ’ ಬೇಕು ಅಂತ ಪೈಲಟ್‌ಗಳು ಕೇಳಿದ್ದರು. ‘ಎಮರ್ಜೆನ್ಸಿ’ ಅನ್ನುವ ಪದ ಮಾತ್ರ ಬಳಸಲೇ ಇಲ್ಲ. ಕೆಳಗಿದ್ದ ಕಂಟ್ರೋಲರ್‌ಗಳು ಎಲ್ಲ ಬಿಟ್ಟು ಓಡುವುದು ಅಂಥ ಪದಕ್ಕೇ.

ಬಜ್ಪೆಯ ಸಹ ಪೈಲಟ್ ಸರಿಯಾದ ಪದವನ್ನೇ ಹೇಳಿದ್ದರು, ಕೇಳುವವರು ಇರಲಿಲ್ಲ. ಇಲ್ಲಿ ಕೇಳುವವರಿದ್ದರು, ಪದ ಬರಲಿಲ್ಲ. ನಿಮ್ಮದು ಎರಡನೇ ಜಾತಿ, ರಾಣೆಬೆನ್ನೂರು ಅವ್ರೇ. ನಿಮ್ಮ ಬಾಸ್ ಕೇಳುವವರ ಹಾಗೆ ಕಾಣುತ್ತಾರೆ.

ನನ್ನದೇ ಕಥೆ: ಮೊದಲ ವರ್ಷ ಪ್ರತಿ ಮೀಟಿಂಗ್ ಕೊನೆಗೆ ನನ್ನ ಮ್ಯಾನೇಜರ್ "ಏನಾದರೂ ತೊಂದರೆ ಇದೆಯಾ?" ಅಂತ ಕೇಳುತ್ತಿದ್ದಳು. ನಾನು ಪ್ರತಿ ಸಲ "ಇಲ್ಲ". ನಮ್ಮಲ್ಲಿ ಅದು ‘ಊಟ ಆಯ್ತಾ’ ಥರದ ಪ್ರಶ್ನೆ ಅಲ್ವಾ? ವರ್ಷದ ಕೊನೆಗೆ ರಿವ್ಯೂನಲ್ಲಿ ಬರೆದಳು, ಇವನಿಗೆ ಯಾವತ್ತೂ ಏನೂ ತೊಂದರೆ ಇರುವುದಿಲ್ಲ, ಆದರೆ ಕೆಲಸ ಯಾವಾಗಲೂ ತಡ, ಯಾಕೆಂದು ಗೊತ್ತಾಗುವುದಿಲ್ಲ ಅಂತ.

ಕಾಫಿತೋಟ_ಕೊಡಗು
ಇದಕ್ಕೆಲ್ಲ ಮನೆಯೇ ಮೂಲ. ನಮಗೆ ಚಿಕ್ಕಂದಿನಿಂದ ಕೆಟ್ಟದ್ದನ್ನು ನೇರ ಹೇಳಬಾರದು ಅಂತಲೇ ಕಲಿಸಿದ್ದು. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ದೀಪ ‘ಆರಿಸು’ ಅನ್ನಬಾರದು, ‘ದೊಡ್ಡದು ಮಾಡು’ ಅನ್ನಬೇಕು. ಹೀಗೆ ಬೆಳೆದವರು ಒಂದೇ ದಿನದಲ್ಲಿ ಮ್ಯಾನೇಜರ್ ಮುಂದೆ ‘ಆಗಿಲ್ಲ’ ಅಂತ ಹೇಗೆ ಹೇಳುತ್ತಾರೆ?

ಕೋರಮಂಗಲ_ಕೋಪ
ಏನಕ್ಕೆ ಏನೋ ಗಂಟು ಹಾಕಿದಿರಿ. ನಮ್ಮಮ್ಮನೂ ದೀಪ ದೊಡ್ಡದು ಮಾಡು ಅನ್ನುವವರೇ. ಹಾಲಿನವನ ಲೆಕ್ಕದಲ್ಲಿ ಎರಡು ರೂಪಾಯಿ ತಪ್ಪಿದರೆ ಗೇಟಿನಲ್ಲೇ ನಿಲ್ಲಿಸಿ ಕೇಳುತ್ತಿದ್ದರು. ನಾವು ಹೆದರುವುದು ಕೆಟ್ಟ ಮಾತಿಗಲ್ಲ. ಸಂಬಳ ಕೊಡುವವರಿಗೆ.

ಅರ್ಧಮರ್ಧ_ವ್ಯಾಕರಣ
@ಕೋರಮಂಗಲ_ಕೋಪ ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸರಿಯಾಗಿ ಹೇಳಿದಿರಿ.

ತಾಲ್ಲೂಕು_ಕಚೇರಿ
ನಾನು ಎಫ್‌ಡಿಎ, ಅಂದರೆ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ. ಖಾಸಗಿಯವರಿಗೆ ನಮ್ಮ ಒಂದು ಅಸ್ತ್ರ ಹೇಳಿಕೊಡುತ್ತೇನೆ. ಸಾಹೇಬರು ಬಾಯಲ್ಲಿ ಏನಾದರೂ ಹೇಳಿದರೆ, ಕಡತದಲ್ಲಿ ಟಿಪ್ಪಣಿ ಹಾಕುವಾಗ "ತಾವು ಮೌಖಿಕವಾಗಿ ಸೂಚಿಸಿರುವಂತೆ" ಅಂತ ಶುರು ಮಾಡಿ ಮಂಡಿಸುತ್ತೇವೆ. ಆರು ತಿಂಗಳ ನಂತರ ಆಡಿಟ್ ಬಂದಾಗ ಯಾರು ಏನು ಹೇಳಿದರು ಅನ್ನೋ ಜಗಳವೇ ಇಲ್ಲ. ಹೇಳಿದ್ದು ತಪ್ಪಾಗಿ ಅರ್ಥವಾಗಿದ್ದರೆ ಸಾಹೇಬರು ಅಲ್ಲೇ ತಿದ್ದುತ್ತಾರೆ.

ನೀವು ಫೋನ್ ಇಟ್ಟ ಕೂಡಲೇ ಒಂದು ಮೆಸೇಜ್ ಹಾಕಬೇಕಿತ್ತು. "ಸರ್, ಈಗ ಮಾತಾಡಿದ ಹಾಗೆ, 14 ಬಾಕಿ ಇದೆ, ರಾತ್ರಿ ಸರ್ವರ್ ಬಂದರೆ ಮುಗಿಸುತ್ತೇನೆ." ಅವರು ಸಿಗ್ನಲ್‌ನಲ್ಲಿ ನಿಂತಾಗ ಓದುತ್ತಿದ್ದರು. ಆ ಮೇಲ್ ಹೋಗುತ್ತಲೇ ಇರಲಿಲ್ಲ.

ಸಿಲ್ಕ್‌ಬೋರ್ಡ್_ಸಿಗ್ನಲ್
ಸಿಗ್ನಲ್‌ನಲ್ಲಿ ನಿಂತಾಗ ಒಂದು ಕಾದಂಬರಿ ಓದಬಹುದು ಸರ್, ನಾನೇ ಸಾಕ್ಷಿ.

ಪೀಣ್ಯ_2ನೇ_ಹಂತ
ನಮ್ಮದು ಸಣ್ಣ ಮೆಷಿನ್ ಶಾಪ್. ಐಟಿಐ ಮುಗಿಸಿದ ಹುಡುಗರು ಬರುತ್ತಾರೆ. ಎರಡು ವರ್ಷದ ಹಿಂದೆ ಒಬ್ಬನಿಗೆ ಡ್ರಾಯಿಂಗ್ ಕೊಟ್ಟು ಅರ್ಥವಾಯಿತಾ ಅಂದೆ. "ಹೂಂ ಅಣ್ಣ" ಅಂದ. ಸಂಜೆ ನೋಡಿದರೆ 200 ಪೀಸ್ ಟರ್ನಿಂಗ್ ಮಾಡಿಟ್ಟಿದ್ದಾನೆ, ಎಲ್ಲ ರಿಜೆಕ್ಷನ್. ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚು ಕಮ್ಮಿ ಆಗಬಹುದು ಅನ್ನೋದು) 0.05 ಇದ್ದದ್ದನ್ನು 0.5 ಅಂತ ಓದಿದ್ದ.

ಬೈದೆ, ತುಂಬಾ ಬೈದೆ. ಆಮೇಲೆ ಮನೆಗೆ ಹೋಗಿ ಯೋಚಿಸಿದೆ. ‘ಅರ್ಥವಾಯಿತಾ’ ಅಂತ ಕೇಳಿದರೆ ಯಾವ ಹುಡುಗ ‘ಇಲ್ಲ’ ಅನ್ನುತ್ತಾನೆ? ಅದು ಪ್ರಶ್ನೆಯೇ ಅಲ್ಲ. ಅವತ್ತಿನಿಂದ ನಾನು ಹಾಗೆ ಕೇಳುವುದು ಬಿಟ್ಟೆ. ಈಗ "ಏನು ಮಾಡ್ತೀಯ, ಹೇಳು ನೋಡೋಣ" ಅನ್ನುತ್ತೇನೆ. ಅವನು ಬಾಯಿ ಬಿಟ್ಟು ಅಳತೆ ಹೇಳಬೇಕು. ಮೊದಲ ಪೀಸ್ ತಂದು ತೋರಿಸಿದ ಮೇಲೇ ಎರಡನೆಯದು. ಫಸ್ಟ್ ಪೀಸ್ ಇನ್‌ಸ್ಪೆಕ್ಷನ್ ಅಂತ ಎಲ್ಲ ಕಡೆ ಇರುವುದೇ, ನಾನೇ ಸೋಮಾರಿತನ ಮಾಡಿದ್ದೆ. ಆ ಹುಡುಗ ಈಗ ನನ್ನ ಸಿಎನ್‌ಸಿ ಆಪರೇಟರ್.

ಹಾಗಾಗಿ ಕೋಪದವರು ಹೇಳಿದ್ದರಲ್ಲೂ ಅರ್ಥ ಇದೆ. ‘ಏನಾಯ್ತು’ ಅಂತ ಕೇಳಿದರೆ ‘ಆಯ್ತು’ ಅಂತಲೇ ಉತ್ತರ ಬರುತ್ತದೆ. ‘ಎಷ್ಟಾಯ್ತು’ ಅಂತ ಕೇಳಿದ್ದರೆ 26 ಅಂತ ಬರುತ್ತಿತ್ತು.

ಹಳೆ_ಟೀಮ್‌ಲೀಡ್
@ಪೀಣ್ಯ_2ನೇ_ಹಂತ ಸೋತೆ ಸರ್. 14 ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ನಾನೂ ‘ಏನಾಯ್ತು’ ಅಂತಲೇ ಕೇಳುತ್ತಿದ್ದವನು.

9ರಿಂದ9_ಅಲ್ಲ
ಒಂದು ಮಾತು ಯಾರೂ ಎತ್ತಲಿಲ್ಲ. ಅವರು ರಾತ್ರಿ ಒಂದೂವರೆವರೆಗೆ ಕೂತಿದ್ದರು. ಬೆಳಿಗ್ಗೆ ಎಷ್ಟಕ್ಕೆ ಕೂತಿದ್ದರೋ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐಟಿ ಕಂಪನಿಗಳಿಗೂ ಅನ್ವಯಿಸುತ್ತದೆ, ಅದರಲ್ಲಿ ಮಾಮೂಲಿ ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48. ಇದನ್ನು ಎಳೆದು ದಿನಕ್ಕೆ 14 ಗಂಟೆವರೆಗೆ ಮಾಡುವ ಪ್ರಸ್ತಾಪ 2024ರ ಜುಲೈನಲ್ಲಿ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗೆ ಇಳಿದದ್ದು ನೆನಪಿರಬೇಕು.

ಸ್ಪಷ್ಟವಾಗಿ ಮಾತಾಡುವುದರಲ್ಲಿ ಇದೂ ಸೇರುತ್ತದೆ. ‘ರಾತ್ರಿ ಒಂದೂವರೆ ಆಯಿತು, ಇನ್ನು ಬೆಳಿಗ್ಗೆ ನೋಡುತ್ತೇನೆ’ ಅಂತ ಒಂದು ಮೆಸೇಜ್ ಹಾಕಿ ಮಲಗಿ. ಇಲ್ಲದಿದ್ದರೆ ನೀವು ಕೂತಿದ್ದೂ ಯಾರಿಗೂ ಗೊತ್ತಾಗುವುದಿಲ್ಲ, ಕೆಲಸ ಆಗದಿದ್ದದ್ದು ಮಾತ್ರ ಗೊತ್ತಾಗುತ್ತದೆ.

ಕೋರಮಂಗಲ_ಕೋಪ
ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಆದರೆ ಪ್ರೊಬೇಷನ್‌ನಲ್ಲಿ ಇರುವವಳು ಕಾಯ್ದೆ ಮಾತಾಡಿದರೆ ಏನಾಗುತ್ತೆ ಅಂತಲೂ ಹೇಳಿ.

9ರಿಂದ9_ಅಲ್ಲ
ಕಾಯ್ದೆ ಮಾತಾಡಿ ಅಂದಿಲ್ಲ. ಗಡಿಯಾರ ನೋಡಿ ಅಂದೆ.

ಬ್ಯಾಂಕ್_ಗುಮಾಸ್ತ
ನಮ್ಮ ಕಾಲದಲ್ಲಿ ಬ್ರಾಂಚ್ ಮ್ಯಾನೇಜರ್ ಕ್ಯಾಬಿನ್ ಒಳಗೆ ಹೋಗೋಕೆ ಕಾಲು ನಡುಗುತ್ತಿತ್ತು. ಆದರೂ ಸಂಜೆ ಕ್ಯಾಶ್ ಹೊಂದದಿದ್ದರೆ ಹೇಳದೆ ಗತಿ ಇರಲಿಲ್ಲ. ಹತ್ತು ರೂಪಾಯಿ ಕಮ್ಮಿ ಇದ್ದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಹೊಸದರಲ್ಲಿ ಒಮ್ಮೆ 500 ಕಮ್ಮಿ ಬಂತು. ಹೇಳೋಕೆ ಹೆದರಿ ಜೇಬಿನಿಂದ ಹಾಕಿ ಸರಿ ಮಾಡಿದೆ. ಮಾರನೇ ದಿನ ಆ 500 ಬೇರೆ ಕೌಂಟರ್‌ನಲ್ಲಿ ಜಾಸ್ತಿ ಬಂದಿದೆ ಅಂತ ಗೊತ್ತಾಯಿತು. ಮ್ಯಾನೇಜರ್ ನನಗೆ ಬೈದದ್ದು ಕಮ್ಮಿ ಬಂದಿದ್ದಕ್ಕಲ್ಲ, ಜೇಬಿನಿಂದ ಹಾಕಿದ್ದಕ್ಕೆ.

ಈ ಹುಡುಗಿ ರಾತ್ರಿ ಒಂದೂವರೆವರೆಗೆ ಕೂತದ್ದೂ ಅದೇ. ಜೇಬಿನಿಂದ ಹಾಕಿದ್ದು.

ವಾರ್ಡ್_ರಾತ್ರಿಪಾಳಿ
@ಬ್ಯಾಂಕ್_ಗುಮಾಸ್ತ ಆಹಾ.

ಮಿಲ್ಪಿಟಾಸ್_ಮಂಜ
ಬ್ಯಾಂಕಿನವರಿಗೆ ಒಂದು ಕಾಫಿ ನನ್ನ ಲೆಕ್ಕದಲ್ಲಿ. ಕೊಡಗಿನವರು ಪುಡಿ ಕಳಿಸಲಿ.

ಕಾಫಿತೋಟ_ಕೊಡಗು
ಈ ವರ್ಷ ಕಾಫಿ ರೇಟು ನೋಡಿದ್ದೀರಾ? ಪುಡಿ ಕೇಳುವಾಗ ಸ್ಪಷ್ಟವಾಗಿ ಎಷ್ಟು ಕೊಡ್ತೀರಿ ಅಂತಲೂ ಹೇಳಿ.

ಹೊಸ_ಐಡಿ_12
ನಾನೂ ಫ್ರೆಷರ್. ನನ್ನದು ಬೇರೆ ಸಮಸ್ಯೆ. ಚಾಟ್‌ನಲ್ಲಿ "ಹಾಯ್ ಸರ್" ಅಂತ ಹಾಕಿ ಅವರು ಉತ್ತರಿಸುವವರೆಗೆ ಕಾಯುತ್ತೇನೆ. ಒಮ್ಮೊಮ್ಮೆ ಮಧ್ಯಾಹ್ನ ಆಗುತ್ತೆ. ನೇರವಾಗಿ ವಿಷಯ ಹಾಕಿದರೆ ಮರ್ಯಾದೆ ಇಲ್ಲ ಅಂದುಕೊಳ್ಳುತ್ತಾರಾ?

ಹಳೆ_ಟೀಮ್‌ಲೀಡ್
ಬರೀ ‘ಹಾಯ್’ ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ, ರಾಜೀನಾಮೆ ಕೊಡೋಕೆ ಬಂದಿದ್ದಾರೇನೋ ಅಂತ. ಹಾಯ್, ವಿಷಯ, ಪ್ರಶ್ನೆ, ಮೂರನ್ನೂ ಒಂದೇ ಮೆಸೇಜ್‌ನಲ್ಲಿ ಹಾಕಿ. ಮರ್ಯಾದೆಗೆ ಒಂದು ‘ಸರ್’ ಸಾಕು.

ಒಂದೇ_ಸಾಲು
ಬಾಗಿಲು ತಟ್ಟಿ ಒಳಗೆ ಬರದೆ ನಿಂತ ಹಾಗೆ.

ರಾಣೆಬೆನ್ನೂರು_ಟು_ಮೆಜೆಸ್ಟಿಕ್
ಶನಿವಾರ, ಸಂಜೆ 6:05

ಎಲ್ಲರದನ್ನೂ ಎರಡೆರಡು ಸಲ ಓದಿದೆ. ಜೇಬಿನಿಂದ ಹಾಕಿದ್ದು ಅನ್ನೋ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈಗ ತಾನೇ ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿದೆ. ವೀಕೆಂಡ್‌ನಲ್ಲಿ ಹಾಕಬೇಕಾ ಅಂತ ಯೋಚನೆ ಬಂತು, ಆದರೂ ಹಾಕಿದೆ. "ಸರ್, ಗುರುವಾರ ನಾನು ‘ಆಯ್ತು’ ಅಂದದ್ದು ಪ್ರಯತ್ನ ಮಾಡುತ್ತೇನೆ ಅನ್ನೋ ಅರ್ಥದಲ್ಲಿ. 26 ಮಾತ್ರ ಆಗಿತ್ತು. ಸರ್ವರ್ ಡೌನ್ ಆದಾಗ ನಾನು ಟಿಕೆಟ್ ಹಾಕಿರಲಿಲ್ಲ, ನಿಮಗೂ ಹೇಳಲಿಲ್ಲ, ಅದು ನನ್ನ ತಪ್ಪು. ಟಿಕೆಟ್ ನಿನ್ನೆ ಹಾಕಿದ್ದೇನೆ. ಸೋಮವಾರ ಬೆಳಿಗ್ಗೆ ಸರ್ವರ್ ಇದ್ದರೆ ಸಂಜೆ 4 ಗಂಟೆಯೊಳಗೆ 14 ಮುಗಿಸುತ್ತೇನೆ. ಮಧ್ಯಾಹ್ನ 1ಕ್ಕೆ ಎಷ್ಟಾಗಿದೆ ಅಂತ ನಾನೇ ಹೇಳುತ್ತೇನೆ."

ಬರೆಯೋಕೆ ನಲವತ್ತು ನಿಮಿಷ ಹಿಡಿಯಿತು. ಅವರು ನೋಡಿದ್ದಾರೆ, ಉತ್ತರ ಇಲ್ಲ.

ಕೋರಮಂಗಲ_ಕೋಪ
ನೋಡಿ ಉತ್ತರಿಸದೆ ಇರುವುದು ಸ್ಪಷ್ಟ ಸಂವಹನವಾ? ಅವರಿಗೂ ಯಾರಾದರೂ ಕಲಿಸಿ.

ವಾರ್ಡ್_ರಾತ್ರಿಪಾಳಿ
ಶನಿವಾರ ಸಂಜೆ ಅವರಿಗೂ ಸಂಸಾರ ಇರುತ್ತಪ್ಪ. ಬಿಡಿ.

ಹುಬ್ಬಳ್ಳಿ_ಲೋಕಲ್
ನಂಬರ್ ಕೊಟ್ಟಾಯಿತು ತಂಗಿ. ಇನ್ನು ಗಾಡಿ ಬರಲಿ.

ರಾಣೆಬೆನ್ನೂರು_ಟು_ಮೆಜೆಸ್ಟಿಕ್
ಸೋಮವಾರ, ಸಂಜೆ 5:15

ಕೇಳುವವರಿಗಾಗಿ ಹೇಳುತ್ತೇನೆ. ಶನಿವಾರ ರಾತ್ರಿ ಒಂದು ಥಂಬ್ಸ್ ಅಪ್ ಬಂತು. ಬೆಳಿಗ್ಗೆ ಹೋದಾಗ ಸರ್ವರ್ ಬಂದಿತ್ತು, ಅವರೇ ಭಾನುವಾರ ಯಾರಿಗೋ ಫೋನ್ ಮಾಡಿದ್ದರಂತೆ. 1 ಗಂಟೆಗೆ 14ರಲ್ಲಿ 9 ಆಗಿದೆ ಅಂತ ಹೇಳಿದೆ. ನಾಲ್ಕಕ್ಕೆ ಮುಗಿಯಲಿಲ್ಲ, ನಾಲ್ಕೂವರೆ ಆಯಿತು. ಮೂರೂವರೆಗೇ ಅರ್ಧ ಗಂಟೆ ಜಾಸ್ತಿ ಬೇಕು ಅಂತ ಮೆಸೇಜ್ ಹಾಕಿದ್ದೆ. ಕೈ ನಡುಗಿತು, ಆದರೂ ಹಾಕಿದೆ. 38 ಪಾಸ್, 2 ಫೇಲ್.

ರಿಪೋರ್ಟ್ ಅವರಿಗೆ ಕಳಿಸಿ ಫೋನ್ ಮಾಡಿದೆ. "ಸರ್, ರಿಪೋರ್ಟ್ ನಿಮಗೆ ಕಳಿಸಿದ್ದೇನೆ, ಎರಡು ಫೇಲ್ ಇದೆ, ಕ್ಲೈಂಟ್‌ಗೆ ಹಾಗೇ ಕಳಿಸಲಾ?" ಅಂದೆ.

ಅವರು "ಆಯ್ತು" ಅಂದರು.

ನಾನು ಒಂದು ಕ್ಷಣ ನಿಂತೆ. ಆಮೇಲೆ ಕೇಳಿಯೇಬಿಟ್ಟೆ. "ಸರ್, ಆಯ್ತು ಅಂದರೆ ಕಳಿಸಬಹುದು ಅಂತಲಾ, ಅಥವಾ ನೀವು ಓದಿ ಹೇಳುತ್ತೀರಾ?"

ಆ ಕಡೆ ಎರಡು ಸೆಕೆಂಡ್ ಸದ್ದಿಲ್ಲ. ಆಮೇಲೆ ಜೋರಾಗಿ ನಕ್ಕರು. "ಇನ್ನೂ ಓದಿಲ್ಲ ಕಣಮ್ಮ, ಹತ್ತು ನಿಮಿಷ ಕೊಡು" ಅಂದರು. ಓದಿ, ಒಂದು ಸಾಲು ತಿದ್ದಿಸಿ, ಕಳಿಸು ಅಂದರು.

ಸಿಲ್ಕ್‌ಬೋರ್ಡ್_ಸಿಗ್ನಲ್
ಕಳಿಸಿದಿರಾ?

ರಾಣೆಬೆನ್ನೂರು_ಟು_ಮೆಜೆಸ್ಟಿಕ್
ಕಳಿಸಿದೆ. ಅಂದರೆ ನಿಜವಾಗಲೂ ಕಳಿಸಿದ್ದೇನೆ. 4:52ಕ್ಕೆ.